ಹಳೇ ಕಂಪನಿ ನಾಟಕ ಮತ್ತ ಸ್ಟೇಜಿಗಿ ತರೋದು ಹ್ಯಾಂಗ, ಅದರ ಹಾಡು ರೆಕಾರ್ಡ್ ಮಾಡೋದು ಹ್ಯಾಂಗ

ನಮ್ ಕಲಬುರಗಿ, ಬೀದರ, ಯಾದಗಿರಿ ಕಡಿ ಹಳ್ಳಿಗೋಳಾಗ ಹಳೇ ಕಂಪನಿ ನಾಟಕದ, ಅಂದ್ರ ಊರೂರು ತಿರುಗಿ ಟೆಂಟ್ ಹಾಕಿ ಆಡೋ ನಾಟಕ ಕಂಪನಿಗೋಳ ನಾಟಕದ, ಪುಸ್ತಕ ಒಂದಿಲ್ಲೊಂದು ಮನ್ಯಾಗ ಸಿಗ್ತದ, ಟ್ರಂಕಿನಾಗೋ ಮಾಡದಾಗೋ ಬಟ್ಟಿ ಸುತ್ತಿ ಇಟ್ಟಿರ್ತಾರ. ಮಾತು ಪೂರಾ ಇರ್ತಾವ, ಹಾಡಿನ ಸಾಹಿತ್ಯ ಭೀ ಇರ್ತದ. ಇಲ್ಲದ್ದು ಅಂದ್ರ ಆ ಹಾಡು ಹ್ಯಾಂಗ ಹಾಡ್ತಿದ್ರು ಅನ್ನೋದು. ಅದು ಪೇಟಿ (ಹಾರ್ಮೋನಿಯಂ) ಮಾಸ್ತರ ಕೈಯಾಗ ಇತ್ತು, ನಟರ ಗಂಟಲದಾಗ ಇತ್ತು, ಅವ್ರು ಹೋದ್ರ ಅದೂ ಹೋತು. ಅದಕ್ಕ ಯಾರರ ಹಳೇ ನಾಟಕ ಮತ್ತ ಮಾಡೋಣ್ರಿ ಅಂತ ಬಂದ್ರ ನಾ ಮೊದಲ ಹೇಳೋದು ಇಷ್ಟೇ, ಪರದೆ, ಡ್ರೆಸ್ಸು, ಪಾತ್ರ ಹಂಚೋದು ಎಲ್ಲಾ ಆಮ್ಯಾಲ ನೋಡೂಣು, ಮೊದಲ ಹಾಡು ಹಿಡೀರಿ, ಹಿಡಿದದ್ದು ರೆಕಾರ್ಡ್ ಮಾಡ್ರಿ. ನಮ್ ಮಂದಿ ಉಲ್ಟಾ ಮಾಡ್ತಾರ, ನಾಟಕ ಆಗ್ಲಿ ಆಮ್ಯಾಲ ಟೈಮ್ ಸಿಕ್ರ ರೆಕಾರ್ಡ್ ಮಾಡೂಣು ಅಂತಾರ, ಆ ಟೈಮ್ ಬರೋದೇ ಇಲ್ಲ.

ಅಮೆರಿಕಾದ ಬ್ರಾಡ್‌ವೇಯಾಗ, ಅಂದ್ರ ನ್ಯೂಯಾರ್ಕಿನ ದೊಡ್ಡ ನಾಟಕ ಥಿಯೇಟರ್‌ಗೋಳಾಗ, ಇದಕ್ಕೊಂದು ದೊಡ್ಡ ಉದಾಹರಣಿ ಅದ. ಸ್ಟೀಫನ್ ಸೋಂಡ್‌ಹೈಮ್ ಸಂಗೀತದ 'ಮೆರಿಲಿ ವಿ ರೋಲ್ ಅಲಾಂಗ್' ಅಂತ ಒಂದು ಮ್ಯೂಸಿಕಲ್ (ಹಾಡಿನ ನಾಟಕ), 1981ರಾಗ ಬಂತು, ಬರೇ 16 ಪ್ರದರ್ಶನಕ್ಕ ಬಂದ್ ಆತು. ಪೂರಾ ಮುಳುಗಿದ ನಾಟಕ. ಖರೇ ಬಂದ್ ಆದ ಮರುದಿನಾನೇ ಅದರಾಗ ಪಾರ್ಟ್ ಮಾಡಿದ ಹುಡುಗರು ಸ್ಟುಡಿಯೋಕ್ಕ ಹೋಗಿ ಹಾಡೆಲ್ಲಾ ರೆಕಾರ್ಡ್ ಮಾಡಿದ್ರು. ಅದನ್ನ ಅಲ್ಲಿ ಕಾಸ್ಟ್ ರೆಕಾರ್ಡಿಂಗ್ ಅಂತಾರ, ಅಂದ್ರ ನಾಟಕದಾಗ ಪಾರ್ಟ್ ಮಾಡಿದವ್ರೇ ಹಾಡಿದ ಆಲ್ಬಮ್. ನಾಟಕ ನೋಡದೇ ಇದ್ದ ಮಂದಿ ಆ ಆಲ್ಬಮ್ ಕೇಳಿ ಕೇಳಿ ಅದನ್ನ ಜೀವಂತ ಇಟ್ರು, ಮುಂದ ಅದೇ ನಾಟಕ 2023ರಾಗ ಬ್ರಾಡ್‌ವೇಕ್ಕ ಮತ್ತ ಬಂತು, 2024ರಾಗ ಅಲ್ಲಿನ ದೊಡ್ಡ ರಂಗಭೂಮಿ ಪ್ರಶಸ್ತಿ ಟೋನಿ, ಬೆಸ್ಟ್ ರಿವೈವಲ್ (ಮತ್ತ ಸ್ಟೇಜಿಗಿ ತಂದ ಹಳೇ ನಾಟಕ) ಅಂತ ತಗೊಂತು. 16 ಶೋ ಆಡಿದ ನಾಟಕ 40 ವರ್ಷ ದಾಟಿ ಗೆದ್ದದ್ದು ಆ ಒಂದು ರೆಕಾರ್ಡಿಂಗ್ ಇತ್ತು ಅಂತೇ ಅಂತ ನಾ ನಂಬೀನಿ.

ಅಷ್ಟು ದೂರ ಯಾಕ, ಸೊಲ್ಲಾಪುರ ದಾಟಿದ್ರ ಮಹಾರಾಷ್ಟ್ರದಾಗ ನೋಡ್ರಿ. ಅಣ್ಣಾಸಾಹೇಬ ಕಿರ್ಲೋಸ್ಕರ್ ಸಂಗೀತ ಶಾಕುಂತಲ ಆಡಿದ್ದು 1880ರಾಗ, ಅವ್ರು ಹುಟ್ಟಿದ್ದು ನಮ್ ಬೆಳಗಾವಿ ಜಿಲ್ಲಾದ ಗುರ್ಲಹೊಸೂರದಾಗ. ಅಲ್ಲಿಂದ ಇಲ್ಲಿತನಕ ಮರಾಠಿ ಮಂದಿ ನಾಟ್ಯಸಂಗೀತದ, ಅಂದ್ರ ನಾಟಕದ ಹಾಡು ಬಿಟ್ಟಿಲ್ಲ. 'ಕಟ್ಯಾರ ಕಾಳಜಾತ ಘುಸಲಿ' ಅಂತ ಸಂಗೀತ ನಾಟಕ 1967ರಾಗ ವಸಂತರಾವ್ ದೇಶಪಾಂಡೆ ಹಾಡಿ ಮಾಡಿದ್ದು, 2010ರಾಗ ಅವರ ಮೊಮ್ಮಗ ರಾಹುಲ್ ದೇಶಪಾಂಡೆ ಅದನ್ನೇ ಮತ್ತ ಸ್ಟೇಜಿಗಿ ತಂದ್ರು. ಅಜ್ಜನ ದನಿ ರೆಕಾರ್ಡಿನಾಗ ಇತ್ತು, ಮೊಮ್ಮಗ ಎಲ್ಲಿಂದ ಶುರು ಮಾಡ್ಬೇಕಂತ ತಡಕಾಡೋದು ಬರಲಿಲ್ಲ. ನಮ್ ಕಂಪನಿ ನಾಟಕದ ಹಾಡು ಇವಕ್ಕೇನೂ ಕಮ್ಮಿ ಇಲ್ರಿ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅಂಥವ್ರು ಸಣ್ಣಾವ್ರಿದ್ದಾಗ ವಾಮನರಾವ್ ಮಾಸ್ತರ ಕಂಪನಿಯಾಗ ಪಾರ್ಟ್ ಮಾಡಿ ಹಾಡಿದವ್ರು.

ಈಗ ಕೆಲಸಕ್ಕ ಬರೂಣು. ಮೊದಲು ಯಾವ ನಾಟಕ ಅನ್ನೋದು. ನಾ ಹೇಳೋದು, ಊರಾಗ ಹಿಂದ ಒಮ್ಮೆರ ಆಡಿದ ನಾಟಕ ತಗೋರಿ, ಹೆಸರುವಾಸಿ ನಾಟಕ ಅಂತ ಬೆನ್ನ ಹತ್ತಬ್ಯಾಡ್ರಿ. ಊರಾಗ ಆಡಿದ್ದಿದ್ರ ಆ ಹಾಡು ಕೇಳಿದವ್ರು, ಹಾಡಿದವ್ರು ಇಬ್ರು ಮೂವ್ರು ಇನ್ನಾ ಇರ್ತಾರ. ಹಿಂದ ರಾತ್ರಿ ಶುರುವಾದ ನಾಟಕ ಬೆಳಗಾಗೋತನಕ ನಡೀತಿತ್ತು, ಪಾತ್ರ ಬಂತಂದ್ರ ಒಂದು ಹಾಡು, ಹೋತಂದ್ರ ಒಂದು ಹಾಡು. ಈಗ ಅಷ್ಟು ಆಗಂಗಿಲ್ಲ, ಬಯಲಾಗ ಮೈಕ್ ಹಚ್ಚಿದ್ರ ರಾತ್ರಿ 10ರಿಂದ ಮುಂಜಾನಿ 6ರತನಕ ಕಾನೂನಿನ ಪ್ರಕಾರ ಬಂದ್ ಮಾಡ್ಬೇಕು, 2000ದ ಶಬ್ದಮಾಲಿನ್ಯ ನಿಯಮ ಅದು, ಜಾತ್ರಿ ಹಬ್ಬಕ್ಕ ಸರ್ಕಾರ ವರ್ಷದಾಗ 15 ದಿನದ ಮಟ್ಟಿಗಿ 12ರತನಕ ಸಡ್ಲು ಬಿಡಬಹುದು ಅಷ್ಟೇ. ಒಳಗಡಿ ಸಭಾಂಗಣದಾಗ ಮಾಡಿದ್ರ ಆ ತಕರಾರು ಇಲ್ಲ, ಕಲಬುರಗಿಯಾಗ ಎಸ್. ಎಂ. ಪಂಡಿತ ರಂಗಮಂದಿರ ಅದ, ಬೀದರದಾಗ ಚನ್ನಬಸವ ಪಟ್ಟದ್ದೇವರ ರಂಗಮಂದಿರ ಅದ. ಹ್ಯಾಂಗೇ ಇರ್ಲಿ ಎರಡೂವರಿ ತಾಸಿಗಿ ಕಡೀಬೇಕು. ಕಡಿಯೋವಾಗ ಮಾತು ಕಡೀರಿ, ಹಾಡು ಕಡೀಬ್ಯಾಡ್ರಿ. ಕಥಿ ಗೊತ್ತಾಗ್ಲಿಕ್ಕಿ ಮಾತು ಎಷ್ಟು ಬೇಕೋ ಅಷ್ಟು ಸಾಕು, ಮಂದಿ ಬರೋದು ಹಾಡಿಗಿ.

ಎರಡನೇದು ಹಕ್ಕಿನ ಮಾತು, ಇದನ್ನ ಮಂದಿ ಬಿಟ್ಟೇ ಬಿಡ್ತಾರ, ಆಮ್ಯಾಲ ಹೈರಾಣ ಆಗ್ತಾರ. ಬರದವ್ರು ತೀರ್ಕೊಂಡ ಮರುವರ್ಷದಿಂದ 60 ವರ್ಷ ಎಣಿಸ್ರಿ, ಅಲ್ಲಿತನಕ ಕಾಪಿರೈಟ್ ಇರ್ತದ. 1960ರಾಗ ತೀರ್ಕೊಂಡಿದ್ರ 2020 ಮುಗಿಯೋತನಕ ಇತ್ತು, ಈಗ ಖುಲ್ಲಾ. ಬಿ. ವಿ. ಕಾರಂತರು 2002ರಾಗ ಹೋದ್ರು, ಅವರ ರಂಗಗೀತೆ ಸಂಗೀತದ ಹಕ್ಕು 2062ರತನಕ ಇರ್ತದ. ಸಾಹಿತ್ಯದ ಹಕ್ಕು ಬ್ಯಾರೆ, ಸಂಗೀತದ ಹಕ್ಕು ಬ್ಯಾರೆ, ಎರಡೂ ಕೇಳ್ಬೇಕು. ಹವ್ಯಾಸಿ ಸಂಘದವ್ರು ಟಿಕೆಟ್ ಇಲ್ಲದೇ ಪುಕ್ಕಟ ಆಡಿದ್ರ, ಇಲ್ಲಾ ಗುಡಿ ಮಠದ ಸಹಾಯಕ್ಕ ಆಡಿದ್ರ ಕಾಪಿರೈಟ್ ಕಾಯ್ದೆ 52ನೇ ಕಲಮಿನಾಗ ವಿನಾಯ್ತಿ ಅದ. ಆದ್ರ ಆ ವಿನಾಯ್ತಿ ಆಡೋದಕ್ಕ ಮಾತ್ರ, ರೆಕಾರ್ಡ್ ಮಾಡಿ ಬಿಡೋದಕ್ಕ ಅಲ್ಲ, ಇದು ಲಕ್ಷ್ಯದಾಗ ಇಡ್ರಿ. ಬರದವರ ಮಕ್ಕಳೋ ಮೊಮ್ಮಕ್ಕಳೋ ಇದ್ರ ಅವರ ಮನಿಗಿ ಹೋಗಿ ಕೂತು ಮಾತಾಡ್ರಿ, ಒಂದು ಹಾಳಿ ಮ್ಯಾಲ ಬರಸ್ಕೋರಿ, ಆಡ್ಲಿಕ್ಕಿ ಒಂದು ಒಪ್ಪಿಗಿ, ರೆಕಾರ್ಡ್ ಮಾಡಿ ಯೂಟ್ಯೂಬಿಗಿ ಹಾಕ್ಲಿಕ್ಕಿ ಇನ್ನೊಂದು ಒಪ್ಪಿಗಿ. ಹೆಚ್ಚಿನವ್ರು ಬ್ಯಾಡ ಅನ್ನಂಗಿಲ್ಲ, ನಮ್ಮಪ್ಪನ ನಾಟಕ ಮತ್ತ ಆಡ್ತಾರಂತ ಖುಷಿನೇ ಪಡ್ತಾರ.

ಈಗ ಅಸಲಿ ಕೆಲಸ, ಚಾಲ ಅಂದ್ರ ಹಾಡಿನ ಧಾಟಿ ಹುಡುಕೋದು. ಪುಸ್ತಕದಾಗ ಹಾಡಿನ ತಲಿ ಮ್ಯಾಲ ಸಣ್ಣ ಅಕ್ಷರದಾಗ ಒಂದು ಸಾಲು ಇರ್ತದ ನೋಡ್ರಿ, ರಾಗ ಭೀಮಪಲಾಸ, ತಾಲ ತೀನತಾಲ, ಇಲ್ಲಾಂದ್ರ ಚಾಲ ಅಂತ ಬರದು ಮುಂದ ಯಾವುದೋ ಮರಾಠಿ ಪದದ ಮೊದಲ ನಾಲ್ಕು ಶಬ್ದ, ಅದನ್ನೂ ಕನ್ನಡ ಅಕ್ಷರದಾಗೇ ಬರದಿರ್ತಾರ. ಅದೇ ನಿಮಗ ದಾರಿ. ಆ ನಾಲ್ಕು ಶಬ್ದ ಹಿಡ್ಕೊಂಡು ಹಳೇ ಮರಾಠಿ ನಾಟ್ಯಗೀತೆ ಹುಡುಕಿದ್ರ ಅರ್ಧಕ್ಕರ್ಧ ಸಿಗ್ತಾವ, ಹಳೇ ಮರಾಠಿ ಗಾಯಕ ನಟ ಬಾಲಗಂಧರ್ವರ ಕಾಲದ ಗ್ರಾಮೋಫೋನ್ ಪ್ಲೇಟು ಸೈತ ಈಗ ನೆಟ್ಟಿನಾಗ ಅವ. ಒಂದು ಎಚ್ಚರಕಿ, ಆ 78 ಆರ್‌ಪಿಎಂ ಪ್ಲೇಟಿನ ಒಂದು ಬದಿಗಿ ಮೂರು ನಿಮಿಷದ ಮ್ಯಾಲ ಸ್ವಲ್ಪೇ ಹಿಡೀತಿತ್ತು, ಅದಕ್ಕ ಅಲ್ಲಿ ಹಾಡು ಓಡಿಸಿ ಹಾಡ್ಯಾರ, ಆಲಾಪ ತಾನ ಕಡದಾರ, ಸ್ಟೇಜಿನ ಮ್ಯಾಲ ಅದೇ ಹಾಡು ಆರಾಮ್ಸೆ ಹಾಡ್ತಿದ್ರು. ಪ್ಲೇಟಿನ ಲಯಾನೇ ಖರೇ ಲಯ ಅಂತ ತಿಳೀಬ್ಯಾಡ್ರಿ. ಮುಂದಿನ ಕಾಲದ ಸಾಮಾಜಿಕ ನಾಟಕದಾಗ ಸಿನಿಮಾ ಚಾಲ ಭಾಳ, ಹಿಂದಿ ಕನ್ನಡ ಎರಡೂ. ಅವನ್ನ ಆಡ್ರಿ, ಆದ್ರ ಆಲ್ಬಮ್ಮಿನಾಗ ಸೇರಿಸಬ್ಯಾಡ್ರಿ, ಆ ಧಾಟಿ ಹಕ್ಕು ಸಿನಿಮಾದವರ ಕಡಿ ಇರ್ತದ, ಯೂಟ್ಯೂಬಿಗಿ ಹಾಕಿದ ಕೂಡ್ಲೇ ಕಾಪಿರೈಟ್ ಕ್ಲೇಮ್ ಬರ್ತದ. ಬೇಕೇ ಬೇಕು ಅಂದ್ರ ನಿಮ್ ಪೇಟಿ ಮಾಸ್ತರಿಂದ ಹೊಸ ಚಾಲ ಹಾಕಿಸ್ರಿ.

ಪುಸ್ತಕದಾಗ ಚಾಲದ ಸಾಲು ಇಲ್ಲಾಂದ್ರ ಹಳೇ ಮಾಸ್ತರೇ ಗತಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಾಗ ಕಲ್ತವ್ರು ನಮ್ ಕಡಿ ಊರೂರಿಗಿ ಸಿಗ್ತಾರ, ಪಂಚಾಕ್ಷರಿ ಗವಾಯಿಗಳು ಪುಟ್ಟರಾಜ ಗವಾಯಿಗಳು ಇಬ್ರೂ ಸಂಗೀತದ ಜೋಡಿ ನಾಟಕ ಭೀ ನಡೆಸಿದವ್ರು, ಹಿಂಗಾಗಿ ಅಲ್ಲಿ ಶಿಷ್ಯರಿಗಿ ನಾಟಕದ ಪದ ಹೊಸದಲ್ಲ. ಭಜನಿ ಮಂಡಳಿಯಾಗ, ಶಾಲಿಯಾಗ ಸಂಗೀತ ಹೇಳಿಕೊಟ್ಟು ನಿವೃತ್ತಿ ಆದವರಾಗ ಕೇಳ್ರಿ. ಕಲಬುರಗಿ ಆಕಾಶವಾಣಿಯಾಗ ಹಾಡಿದ ಹಳೇ ಕಲಾವಿದರನ್ನ ಕೇಳ್ರಿ. ಸುರಪುರ, ಶಹಾಪುರ, ಆಳಂದ, ಬಸವಕಲ್ಯಾಣ, ಎಲ್ಲಾ ಕಡಿ ಒಬ್ರಿಲ್ಲೊಬ್ರು ಇದ್ದೇ ಇರ್ತಾರ.

ಹೋದಾಗ ಹ್ಯಾಂಗ ಕೇಳ್ಬೇಕು ಅನ್ನೋದು ಮುಖ್ಯ. ಮಾಸ್ತರ್ರೇ ಆ ಹಾಡು ಹಾಡ್ರಿ ಅಂತ ಫೋನ್ ಮುಂದ ಹಿಡಿದ್ರ ನೆನಪಾಗಂಗಿಲ್ಲ, ವಯಸ್ಸಾದವ್ರು ಮುಜುಗರ ಪಡ್ತಾರ. ಹಾಡಿನ ಮುಂಚಿನ ಮಾತು ಓದ್ರಿ. ನಾಯಕಿ ಏನಂದ್ಳು, ಅದಕ್ಕ ಗೌಡ ಏನಂದ, ಆ ಕಡೀ ಮಾತು ಜೋರಾಗಿ ಓದಿ ಸುಮ್ಮ ಕೂಡ್ರಿ. ಪೇಟಿ ಅವರ ಮುಂದ ಇರ್ಬೇಕು. ಕೈ ತಾನೇ ಹೋಗ್ತದ. ಯಾಕಂದ್ರ ಕಂಪನಿಯಾಗ ಪದ್ಧತಿನೇ ಹಂಗ, ಹಾಡಿನ ಮುಂಚಿನ ಮಾತು ನಟ ಶ್ರುತಿಗಿ ಹಚ್ಚಿ ಹೇಳ್ತಿದ್ದ, ಕಡೀ ಶಬ್ದ ಪೇಟಿ ಸ್ವರದ ಮ್ಯಾಲ ಬಂದು ನಿಲ್ತಿತ್ತು, ಮಾಸ್ತರ ಅಲ್ಲೇ ಎತ್ತಿಕೊಂಡು ಹಾಡಿಗಿ ದಾರಿ ಬಿಡ್ತಿದ್ದ. ಮಾತು ಎಲ್ಲಿ ಮುಗೀತು ಹಾಡು ಎಲ್ಲಿ ಶುರುವಾತು ಗೊತ್ತೇ ಆಗ್ತಿದ್ದಿಲ್ಲ. ಹಾಡಷ್ಟೇ ಕೇಳಿದ್ರ ಇದು ಸಿಗಂಗಿಲ್ಲ, ಮಾತು ಹಾಡು ಎರಡೂ ಕೂಡಿಸಿ ಕೇಳ್ರಿ. ಫೋನಿನಾಗ ರೆಕಾರ್ಡರ್ ಚಾಲೂ ಮಾಡಿ ದೂರ ಇಡ್ರಿ, ನಡುವ ಬಂದ್ ಮಾಡ್ಬ್ಯಾಡ್ರಿ, ಹಾಡಿನ ನಡುವ ಅವ್ರು ಹೇಳೋ ಮಾತಿನಾಗೇ ಖರೇ ಮಾಲು ಇರ್ತದ, ಇಲ್ಲಿ ಒನ್ಸ್ ಮೋರ್ ಬರ್ತಿತ್ತು, ಇಲ್ಲಿ ತಬಲಾದವ ದುಪ್ಪಟ್ಟು ಹೊಡೀತಿದ್ದ, ಇಲ್ಲಿ ನಟಿ ಉಸುರು ಹಿಡೀತಿದ್ಳು, ಅಂಥವು.

ಶ್ರುತಿ ಮಾತಿಗಿ ಬಂದ್ರ, ಹಿಂದಿನವ್ರು ಪೇಟಿಯ ಕಪ್ಪು ನಾಲ್ಕು ಕಪ್ಪು ಐದನೇ ಕೀಲಿಗಿ, ಅಂದ್ರ ಏರು ಶ್ರುತಿಗಿ ಹಾಡ್ತಿದ್ರು, ಮೈಕ್ ಇಲ್ಲದ ಕಾಲದಾಗ ಟೆಂಟಿನ ಕಡೀ ಮಂದಿಗಿ ದನಿ ಮುಟ್ಟಬೇಕಿತ್ತಲ್ಲ. ಈಗಿನ ಹುಡುಗರ ಗಂಟಲಕ್ಕ ಅದು ಆಗಂಗಿಲ್ಲ, ಕಪ್ಪು ಒಂದಕ್ಕೋ ಬಿಳಿ ಎರಡಕ್ಕೋ ಇಳಸ್ರಿ, ನಾಚಿಕಿ ಏನಿಲ್ಲ. ಖರೇ ಇಳಿಸಿದ್ರ ಹಾಡಿನ ಏರು ಹೋಗ್ತದ, ಅದಕ್ಕ ಒಂದೋ ಎರಡೋ ಹಾಡು, ಕ್ಲೈಮ್ಯಾಕ್ಸಿನವು, ಒಂದು ಸ್ವರ ಮ್ಯಾಲೇ ಇರ್ಲಿ, ಜರಾ ಕಷ್ಟಪಟ್ಟು ಹಾಡ್ಲಿ, ಆ ಕಷ್ಟ ಕೇಳಸ್ಬೇಕು.

ವಾದ್ಯ ಎಷ್ಟು ಬೇಕು ಅಂತ ಎಲ್ಲಾರೂ ಕೇಳ್ತಾರ. ಪೇಟಿ, ತಬಲಾ, ತಾಳ, ಸಿಕ್ರ ಒಂದು ಕ್ಲಾರಿಯೋನೆಟ್ಟೋ ಪಿಟೀಲೋ. ಅಷ್ಟೇ ಸಾಕು. ರಿದಮ್ ಪ್ಯಾಡ್, ಕೀಬೋರ್ಡ್ ಹಚ್ಚಿ ಆರ್ಕೆಸ್ಟ್ರಾ ಮಾಡಿದ್ರ ಅದು ಕಂಪನಿ ನಾಟಕ ಆಗಂಗಿಲ್ಲ. ಬ್ರಾಡ್‌ವೇಯಾಗ 1975ರ 'ಶಿಕಾಗೋ' ಅಂತ ಮ್ಯೂಸಿಕಲ್ 1996ರಾಗ ಮತ್ತ ಬಂತು, ಮೊದಲು ಕೆಲವೇ ದಿನದ ಮಟ್ಟಿಗಿ ಅಂತ ಸಾದಾ ಸಂಗೀತ ಕಚೇರಿ ನಮೂನಿ ಮಾಡಿದ್ದು, ದೊಡ್ಡ ಸೀನರಿ ಇಲ್ಲ, ವಾದ್ಯದವ್ರು ಸ್ಟೇಜಿನ ಮ್ಯಾಲೇ ಕೂತಿದ್ರು. ಮಂದಿ ಅದನ್ನೇ ಮೆಚ್ಚಿದ್ರು, ಬ್ರಾಡ್‌ವೇಕ್ಕ ಹೋತು, ದಶಕಗಟ್ಟಲೆ ಓಡಿತು. 2019ರಾಗ ಟೋನಿ ರಿವೈವಲ್ ಪ್ರಶಸ್ತಿ ತಗೊಂಡ 'ಓಕ್ಲಹೋಮಾ' ಭೀ ಹಂಗೇ, ದೊಡ್ಡ ವಾದ್ಯವೃಂದ ಬಿಟ್ಟು ಬರೇ ಏಳು ಮಂದಿ ಬ್ಯಾಂಡ್ ಇಟ್ರು. ಅದಕ್ಕ ನಾ ಹೇಳೋದು, ಪೇಟಿ ಮಾಸ್ತರನ್ನ ಸೈಡ್ ವಿಂಗಿನಾಗ ಮುಚ್ಚಿಡಬ್ಯಾಡ್ರಿ, ಸ್ಟೇಜಿನ ಒಂದು ಬದಿಗಿ ಮಂದಿಗಿ ಕಾಣೋಹಂಗ ಕೂಡಿಸ್ರಿ. ಪರದೆ ಖರ್ಚು ಉಳೀತದ, ಆ ರೊಕ್ಕ ಅವ್ರಿಗೇ ಕೊಡ್ರಿ.

ತಾಲೀಮು ಯಾವಾಗ? ತೊಗರಿ ರಾಶಿ ಮುಗಿದ ಮ್ಯಾಲ. ಡಿಸೆಂಬರ್ ಜನವರಿಯಾಗ ರಾಶಿ ನಡದಾಗ ಯಾರೂ ಬರಂಗಿಲ್ಲ, ಬಂದ್ರೂ ಸುಸ್ತಾಗಿ ಬರ್ತಾರ. ಫೆಬ್ರುವರಿ ಪೂರಾ ತಾಲೀಮು, ಹೋಳಿ ಆದ ಮ್ಯಾಲ ಜಾತ್ರಿ ಸುಗ್ಗಿ ಶುರು, ಕಲಬುರಗಿ ಶರಣಬಸವೇಶ್ವರ ಜಾತ್ರಿ ಆಗಲೇ ಬರ್ತದ. ತಾಲೀಮಿನಾಗ ಮೊದಲ ಎರಡು ವಾರ ಬರೇ ಹಾಡು, ಕೂತು ಹಾಡೋದು. ಆಮ್ಯಾಲ ನಿಂತು ಮಾತು.

ಈ ಎರಡು ವಾರ ಮುಗಿದ ಕೂಡ್ಲೇ ರೆಕಾರ್ಡಿಂಗ್ ಮಾಡ್ರಿ. ಶೋ ಆಗೋ ಮೊದಲು ಒಂದು, ಶೋ ದಿನ ಒಂದು. ಬ್ರಾಡ್‌ವೇಯಾಗ ಶೋ ಶುರುವಾದ ಮ್ಯಾಲ ರಜಾ ಇದ್ದ ದಿನ ಸ್ಟುಡಿಯೋಕ್ಕ ಹೋಗಿ ಹೆಚ್ಚಾಗಿ ಒಂದೆರಡು ದಿನದಾಗ ಮುಗಸ್ತಾರ, ಅವ್ರು ವಾರಕ್ಕ ಎಂಟು ಶೋ ಮಾಡ್ತಾರ, ಹಾಡು ಬಾಯಿಪಾಠ ಇರ್ತಾವ. ನಮ್ದು ಒಂದು ರಾತ್ರಿ ನಾಟಕ, ಮರುದಿನ ಹೊರಗಿನಿಂದ ಬಂದ ಕಲಾವಿದ ಹೆಣ್ಮಕ್ಕಳು ಬಸ್ ಹತ್ತಿ ಇನ್ನೊಂದೂರಿಗಿ ಹೋಗ್ತಾರ, ಮತ್ತ ಎಲ್ಲಾರೂ ಒಂದ್ಕಡಿ ಕೂಡೋದು ಕನಸಿನ ಮಾತು. ಅದಕ್ಕ ಮೊದಲೇ ಮಾಡ್ರಿ ಅಂತ ಅನ್ನಾಕತ್ತೀನಿ.

ಜಾಗಾ ಭಾಳ ಮುಖ್ಯ. ಸ್ಟುಡಿಯೋಕ್ಕ ರೊಕ್ಕ ಇದ್ರ ಬೇಶ್, ಇಲ್ಲಾಂದ್ರ ಊರಾಗೇ ಮಾಡಬಹುದು. ನಮ್ ಕಡಿ ಮನಿಗೋಳಾಗ ಶಹಾಬಾದ ಪರ್ಸಿ ಹಾಸಿರ್ತಾರ, ಮ್ಯಾಲ ಆರ್‌ಸಿಸಿ, ಚಪ್ಪಾಳಿ ಹೊಡದ್ರ ಗುಂಯ್ ಅಂತದ, ಅಲ್ಲಿ ರೆಕಾರ್ಡ್ ಮಾಡಿದ್ರ ಮಾತು ಕಲಸಿ ಹೋಗ್ತದ. ನೆಲಕ್ಕ ಜಮಖಾನಿ ಹಾಸ್ರಿ, ಗ್ವಾಡಿಗಿ ಹಗ್ಗ ಕಟ್ಟಿ ಕೌದಿ ಜೋತು ಬಿಡ್ರಿ, ದಪ್ಪನ ಹಳೇ ಕೌದಿ ಇದ್ದಷ್ಟೂ ಚಲೋ. ಚೀಲ ಒಟ್ಟಿದ ಗೋದಾಮು ಸಿಕ್ರ ಇನ್ನೂ ಚಲೋ, ಧೂಳ ಒಂದು ಮೊದಲ ಝಾಡಿಸ್ರಿ. ಫ್ಯಾನ್ ಪೂರಾ ಬಂದ್, ಫ್ರಿಜ್ ಬಂದ್. ಅದಕ್ಕೇ ಬ್ಯಾಸಗಿಯಾಗ ಬ್ಯಾಡ ಅನ್ನೋದು, 42 ಡಿಗ್ರಿ ಬಿಸಲಾಗ ಫ್ಯಾನ್ ಇಲ್ಲದೇ ಯಾರಿಗೂ ಹಾಡ್ಲಿಕ್ಕಿ ಆಗಂಗಿಲ್ಲ. ಕರೆಂಟ್ ಹೋದ್ರೂ ನಡೀಬೇಕು, ಬ್ಯಾಟರಿ ಮ್ಯಾಲ ನಡಿಯೋ ಸಣ್ಣ ರೆಕಾರ್ಡರ್ ಬಾಡಿಗಿ ಸಿಗ್ತಾವ, ಎರಡು ಹೊರಗಿನ ಮೈಕ್ ಹಚ್ಚೋಹಂಗ ಇದ್ದದ್ದು ತಗೋರಿ.

ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್, ಎಂಪಿ3 ಬ್ಯಾಡ. ಕಂಪನಿ ಶೈಲಿಯಾಗ ಹಾಡೋರು ದನಿ ಒಗೀತಾರ, ಅದಕ್ಕ ಮೈಕ್ ಬಾಯಿಯಿಂದ ಒಂದರಿಂದ ಒಂದೂವರಿ ಫೂಟ್ ದೂರ ಇರ್ಲಿ, ಅತ್ಯಂತ ಜೋರು ಸಾಲು ಹಾಡಿಸಿ ನೋಡ್ರಿ, ಮೀಟರ್ ಮೈನಸ್ 10 ಡೆಸಿಬೆಲ್ ದಾಟಬಾರದು. ಪೇಟಿಗಿ ಬ್ಯಾರೆ ಮೈಕ್, ಮ್ಯಾಲಿನಿಂದ ಎರಡು ಫೂಟ್ ದೂರ, ಗಾಳಿ ಹಾಕೋ ಬದಿಗಿ ಇಟ್ರ ಬುಸ್ ಬುಸ್ ಕೇಳ್ತದ. ತಬಲಾ ಎರಡರ ನಡುವ ಒಂದೇ ಮೈಕ್ ಸಾಕು, ಮೂರು ಮೈಕಿಗಿ ಜಾಗಾ ಇಲ್ಲದ ರೆಕಾರ್ಡರ್ ಇದ್ರ ಪೇಟಿ ತಬಲಾ ಕೂಡಿ ಒಂದು, ಹಾಡಿಗಿ ಒಂದು. ಇನ್ನೊಂದು, ಹಳೇ ಕಾಲಪೇಟಿ ಇದ್ರ ಅದರ ಸುರ ಈಗಿನ ಟ್ಯೂನರಿಗಿ ಬರೋಬರಿ ಕೂಡಂಗಿಲ್ಲ. ಪೇಟಿ ಸುರ ಬದಲಿ ಮಾಡ್ಲಿಕ್ಕಿ ಹೋಗಬ್ಯಾಡ್ರಿ, ಉಳಿದ ವಾದ್ಯ ಪೇಟಿಗಿ ಹೊಂದಸ್ರಿ.

ಯಾವ ಹಾಡು ಮೊದಲ, ಯಾವುದು ಆಮ್ಯಾಲ ಅನ್ನೋದಕ್ಕ ಬ್ರಾಡ್‌ವೇದ ಒಂದು ಪ್ರಸಂಗ ಹೇಳ್ತೀನಿ. 1970ರಾಗ ಸೋಂಡ್‌ಹೈಮ್ ಅವರದೇ 'ಕಂಪನಿ' ಅಂತ ಮ್ಯೂಸಿಕಲ್‌ದ ರೆಕಾರ್ಡಿಂಗ್ ಹಗಲು ರಾತ್ರಿ ಒಂದೇ ಸಮ ನಡೀತು, ಡಿ. ಎ. ಪೆನ್ನೆಬೇಕರ್ ಅದರ ಸಾಕ್ಷ್ಯಚಿತ್ರಾನೇ ಮಾಡ್ಯಾರ. ಎಲೇನ್ ಸ್ಟ್ರಿಚ್ ಅಂತ ಹಿರೇ ನಟಿ, ಅವರ ದೊಡ್ಡ ಹಾಡು ಕಡೀಕ ಬಂತು, ಅಷ್ಟೊತ್ತಿಗಿ ಗಂಟಲ ಹೋಗಿತ್ತು, ಎಷ್ಟು ಸಲ ಹಾಡಿದ್ರೂ ಬರಲಿಲ್ಲ, ಆಮ್ಯಾಲ ಬ್ಯಾರೆ ದಿನ ಬಂದು ಹಾಡಿದಾಗ ಒಳ್ಳೇ ಬಂತು. ಅಷ್ಟು ದೊಡ್ಡ ಕಲಾವಿದರಿಗೇ ಹಂಗಾದ್ರ ನಮ್ ಹುಡುಗಿಗಿ ರಾತ್ರಿ 11ಕ್ಕ ಹಾಡು ಅಂದ್ರ ಆಗ್ತದೇನು. ಹಿಂಗಾಗಿ ನಾಂದಿ (ಶುರುವಿನ ಪ್ರಾರ್ಥನಾ ಹಾಡು) ಮತ್ತ ಗುಂಪಿನ ಹಾಡು ಮುಂಜಾನಿ ಮೊದಲ ಮುಗಸ್ರಿ, ಗುಂಪಿನವ್ರನ್ನ ಹೊಲಕ್ಕ ಕೆಲಸಕ್ಕ ಕಳಸ್ರಿ. ಗಂಟಲ ಕಾದ ಮ್ಯಾಲ, 11 ಗಂಟೆ ಸುಮಾರಿಗಿ, ಅತಿ ಕಷ್ಟದ ಹಾಡು. ಊಟದ ನಂತರ ಯುಗಳ ಗೀತೆ, ಹಾಸ್ಯದ ಹಾಡು. ಊಟಕ್ಕ ಮೊಸರು, ಕರಿದದ್ದು ಬ್ಯಾಡ, ಬಿಸಿ ನೀರು ಇರ್ಲಿ, ಸಪ್ಪನ ಸಾರು ಜೋಳದ ರೊಟ್ಟಿ ಆತಂದ್ರ ಸಾಕು.

ಹಾಡಷ್ಟೇ ರೆಕಾರ್ಡ್ ಮಾಡಬ್ಯಾಡ್ರಿ, ಮುಂಚಿನ ಎರಡು ಮೂರು ಮಾತು ಕೂಡಿಸ್ರಿ, ನಾಟಕ ನೋಡದವನಿಗಿ ಯಾರು ಯಾರಿಗಿ ಯಾಕ ಹಾಡಾಕತ್ಯಾರ ಗೊತ್ತಾಗ್ಬೇಕು. ಆಮ್ಯಾಲ ಶೋ ದಿನ ರಂಗಮಂದಿರದಾಗ ಅದೇ ರೆಕಾರ್ಡರ್ ಮಂದಿ ನಡುವ ಇಟ್ಟು ಪೂರಾ ನಾಟಕ ಹಿಡೀರಿ. ಸೀಟಿ, ಒನ್ಸ್ ಮೋರ್, ಆಹೇರಿ ಓದೋದು, ಹಾಡಿನ ನಡುವ ಯಾರೋ ಬಂದು ನಟಿಗಿ ನೋಟು ಕೊಟ್ಟದ್ದು, ಎಲ್ಲಾ ಇರ್ಲಿ. ಆಲ್ಬಮ್ಮಿನ ಕಡೀ ಹಾಡು ಈ ಲೈವಿನಿಂದ ತಗೋರಿ, ನನಗಂತೂ ಅದೇ ಭಾಳ ಸೇರ್ತದ.

ರೊಕ್ಕದ ಮಾತು ಮೊದಲೇ ಆಗ್ಬೇಕು. ರಾತ್ರಿ ನಾಟಕದ ಪಗಾರ ಬ್ಯಾರೆ, ರೆಕಾರ್ಡಿಂಗ್ ಪಗಾರ ಬ್ಯಾರೆ, ಒಂದರಾಗೇ ಸುತ್ತಿ ಕೊಡೋದು ತಪ್ಪು. ಹಾಡಿದವ್ರಿಗಿ, ಬಾರಿಸಿದವ್ರಿಗಿ ಕಾಯ್ದೆ ಪ್ರಕಾರ ಕಲಾವಿದರ ಹಕ್ಕು ಅಂತ 50 ವರ್ಷ ಇರ್ತದ, ಅವರ ಒಪ್ಪಿಗಿ ಇಲ್ಲದೇ ರೆಕಾರ್ಡ್ ಮಾಡಿ ಬಿಡ್ಲಿಕ್ಕಿ ಬರಂಗಿಲ್ಲ. ಒಂದೇ ಪುಟದ ಒಪ್ಪಿಗಿ ಪತ್ರ ಕನ್ನಡದಾಗ ಬರೀರಿ, ಓದಿ ಹೇಳ್ರಿ, ಸಹಿ ತಗೋರಿ, ಒಂದು ಕಾಪಿ ಅವ್ರಿಗಿ ಕೊಡ್ರಿ. ಯೂಟ್ಯೂಬಿನಿಂದ ನಾಳೆ ರೊಕ್ಕ ಬಂದ್ರ ಹ್ಯಾಂಗ ಹಂಚೋದು ಅಂತ ಅದರಾಗೇ ಇರ್ಲಿ.

ಬಿಡುಗಡಿ ಈಗ ಸರಳ ಅದ. ಹಾಡಿನ ಆ್ಯಪಿಗಿ ಹಾಕ್ಬೇಕಂದ್ರ ಆನ್‌ಲೈನ್ ಡಿಸ್ಟ್ರಿಬ್ಯೂಟರ್ ಮೂಲಕ ಹೋಗ್ತದ, ಪ್ರತಿ ಹಾಡಿಗಿ 12 ಅಕ್ಷರದ ಐಎಸ್‌ಆರ್‌ಸಿ ಅಂತ ಗುರುತಿನ ನಂಬರ್ ಅವ್ರೇ ಕೊಡ್ತಾರ. ಕವರ್ ಫೋಟೋ 3000 ಗುಣಿಸು 3000 ಪಿಕ್ಸೆಲ್ ಚೌಕ ಇರ್ಲಿ. ಹಾಡಿನ ಹೆಸರು ಕನ್ನಡದಾಗೇ ಹಾಕ್ರಿ. ಎಲ್ಲಕ್ಕಿಂತ ಮುಖ್ಯ ಹೆಸರುಗೋಳು. ಸಾಹಿತ್ಯ ಯಾರ್ದು, ಚಾಲ ಯಾರಿಂದ ಸಿಕ್ತು, ಪೇಟಿ ಯಾರು, ತಬಲಾ ಯಾರು, ತಾಳ ಹಿಡಿದವ ಯಾರು, ಹಿಂದ ಆ ಪಾರ್ಟ್ ಯಾರು ಮಾಡ್ತಿದ್ರು, ಎಲ್ಲಾ ಬರೀರಿ. ಹಳೇ ಪ್ಲೇಟಿನ ಮ್ಯಾಲ ಹಾಡಿದವ್ರ ಹೆಸರು ಇರ್ತಿತ್ತು, ಪೇಟಿ ತಬಲಾದವ್ರ ಹೆಸರು ಇರ್ತಿದ್ದಿಲ್ಲ, ಇವತ್ತು ಅವ್ರು ಯಾರಂತ ಹುಡುಕ್ಲಿಕ್ಕಿ ದಾರಿನೇ ಇಲ್ಲ.

ಪ್ರಶಸ್ತಿ ಬಗ್ಗಿ ಹುಡುಗರು ಕೇಳ್ತಾರ, ಕೇಳೋದ್ರಾಗ ತಪ್ಪಿಲ್ಲ, ಹೆಸರಾದ್ರ ಮುಂದಿನ ನಾಟಕಕ್ಕ ರೊಕ್ಕ ಕೂಡ್ತದ. ಅಮೆರಿಕಾದಾಗ ಇದಕ್ಕೊಂದು ಸುಗ್ಗಿನೇ ಅದ, ಟೋನಿ 1947ರಿಂದ ನಡದದ, ಏಪ್ರಿಲ್ ಕಡೀಕ ಅರ್ಹತಾ ಗಡುವು, ಜೂನಿಗಿ ಸಮಾರಂಭ, ಅದಕ್ಕ ಮಾರ್ಚ್ ಏಪ್ರಿಲ್‌ದಾಗ ಹೊಸ ಶೋ ಸಾಲು ಹಚ್ಚಿ ಬರ್ತಾವ. ಹಳೇ ನಾಟಕಕ್ಕ ಅಲ್ಲಿ ಬ್ಯಾರೆ ಪ್ರಶಸ್ತಿ ಅದ, 1994ರಿಂದ ಸಾದಾ ನಾಟಕದ ರಿವೈವಲ್ಲಿಗಿ ಒಂದು, ಮ್ಯೂಸಿಕಲ್ ರಿವೈವಲ್ಲಿಗಿ ಒಂದು. ಕಾಸ್ಟ್ ಆಲ್ಬಮ್ಮಿಗಿ ಗ್ರ್ಯಾಮಿ ಅಂತ ಸಂಗೀತ ಪ್ರಶಸ್ತಿಯಾಗ ಮೊದಲ ವರ್ಷ, ಅಂದ್ರ 1959ರಿಂದಲೇ ಜಾಗಾ ಕೊಟ್ಟಾರ. ನಮ್ಮಲ್ಲಿ ಪ್ರಶಸ್ತಿ ಹೆಚ್ಚಾಗಿ ವ್ಯಕ್ತಿಗಿ ಕೊಡ್ತಾರ, ನಾಟಕಕ್ಕ ಅಲ್ಲ. ಕರ್ನಾಟಕ ನಾಟಕ ಅಕಾಡೆಮಿ ಪ್ರಶಸ್ತಿ, ಸರ್ಕಾರದ ಗುಬ್ಬಿ ವೀರಣ್ಣ ಪ್ರಶಸ್ತಿ, ರಾಜ್ಯೋತ್ಸವ ಪ್ರಶಸ್ತಿ, ಎಲ್ಲಾ ಹಂಗೇ. ಕೇಂದ್ರ ಸಂಗೀತ ನಾಟಕ ಅಕಾಡೆಮಿದು ಉಸ್ತಾದ್ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ 40 ವರ್ಷದೊಳಗಿನವ್ರಿಗಿ. ನಾಟಕಕ್ಕೇ ಪ್ರಶಸ್ತಿ ಬೇಕಂದ್ರ ದಿಲ್ಲಿಯಾಗ ಮಹೀಂದ್ರಾ ಎಕ್ಸಲೆನ್ಸ್ ಇನ್ ಥಿಯೇಟರ್ ಅವಾರ್ಡ್ಸ್ ಅದ, ಮಂದಿ ಮೆಟಾ ಅಂತಾರ, 2006ರಿಂದ ನಡದದ, ದೇಶದ ಎಲ್ಲಾ ಭಾಷಾದಿಂದ ಬಂದವುಗಳಾಗ 10 ನಾಟಕ ಆರಿಸಿ ದಿಲ್ಲಿಗಿ ಕರದು ಆಡಸ್ತಾರ, ನಟನಿ, ನಿರ್ದೇಶನ, ಸಂಗೀತ ಮತ್ತ ಧ್ವನಿ ವಿನ್ಯಾಸ ಹಿಂಗ ಬ್ಯಾರೆ ಬ್ಯಾರೆ ವಿಭಾಗ. ಅಲ್ಲಿ ಮೊದಲ ಆಯ್ಕಿ ಪೂರಾ ನಾಟಕದ ವಿಡಿಯೋ ನೋಡೇ ಆಗೋದು. ನಮ್ ತಂಡಗೋಳು ಸೋಲೋದು ಇಲ್ಲೇ, ನಾಟಕ ಚಲೋ ಇರ್ತದ, ವಿಡಿಯೋ ಫೋನಿನಾಗ ತಗದದ್ದು, ದನಿ ಕೇಳಂಗಿಲ್ಲ. ಕ್ಯಾಮೆರಾ ಸ್ಟ್ಯಾಂಡ್ ಮ್ಯಾಲ ನಡುವ ಇಡ್ರಿ, ದನಿ ಮಾತ್ರ ನಿಮ್ ರೆಕಾರ್ಡರಿಂದ ತಗೊಂಡು ವಿಡಿಯೋಕ್ಕ ಕೂಡಿಸ್ರಿ. ಕನ್ನಡ ಬರದವ್ರು ನೋಡ್ತಾರಂತ ಹಾಡಿನ ಅರ್ಥ ಕೆಳಗಡಿ ಸಬ್‌ಟೈಟಲ್ ಹಾಕ್ರಿ.

ಅಕಾಡೆಮಿಗಿ ಯಾರರ ಹಿರಿಯರ ಹೆಸರು ಕಳಸೋ ಸಂದರ್ಭ ಬಂದ್ರ ನಿಮ್ ಪೇಟಿ ಮಾಸ್ತರ ಹೆಸರು ಕಳಸ್ರಿ. ಜೋಡಿ ಅವ್ರು ಹೇಳಿಕೊಟ್ಟ ಹಾಡಿನ ಪಟ್ಟಿ, ಯಾವ ನಾಟಕದ್ದು, ಯಾವ ರಾಗ, ಯಾರ ಕಡಿ ಕಲ್ತದ್ದು ಅಂತ ಬರದು ರೆಕಾರ್ಡಿಂಗ್ ಪೆನ್ ಡ್ರೈವಿನಾಗ ಹಾಕಿ ಇಡ್ರಿ. ಮೂಲ ವೇವ್ ಫೈಲ್ ಮೂರು ಕಡಿ ಇರ್ಬೇಕು, ಒಂದು ಹಾರ್ಡ್ ಡಿಸ್ಕಿನಾಗ, ಒಂದು ಆನ್‌ಲೈನ್, ಇನ್ನೊಂದು ಊರಾಗಿನ ಬ್ಯಾರೆ ಮನ್ಯಾಗ. ಫೈಲಿನ ಹೆಸರಿನಾಗೇ ನಾಟಕದ ಹೆಸರು, ಹಾಡಿನ ಮೊದಲ ಸಾಲು, ಹಾಡಿದವರ ಹೆಸರು, ತಾರೀಖು ಬರೀರಿ, ಆಡಿಯೋ 1, ಆಡಿಯೋ 2 ಅಂತ ಬಿಡಬ್ಯಾಡ್ರಿ.